ನನ್ನ ಹೆಸರಿನ ಹುಚ್ಚು

ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದು ಹಿತ್ತಾಳೆ ತಂಬಿಗೆ ಇದೆ. ಅದರ ಮುಖ ಗೋಡೆಯ ಕಡೆಗೆ. ತಂಬಿಗೆಗೆ ಎಲ್ಲಿಯ ಮುಖ ಎಂದು ನೀವು ಕೇಳಬಹುದು. ಹೆಸರು ಹಾಕಿಸಿದ ತಂಬಿಗೆಗೆ ಮುಖ ಇರುತ್ತದೆ. ಹೆಸರು ಇರುವ ಕಡೆಯೇ ಮುಖ. ಬೆಳಿಗ್ಗೆ ಐದಕ್ಕೆ ಎದ್ದು, ಹಾಸಿಗೆ ಸುತ್ತಿಟ್ಟು, ತಂಬಿಗೆ ತುಂಬ ನೀರು ಕುಡಿದು, ಅದನ್ನು ತೊಳೆದು, ಹೆಸರನ್ನು ಗೋಡೆಗೆ ತಿರುಗಿಸಿ ಇಡುವುದು ನನ್ನ ಪದ್ಧತಿ. ಚಹಾ ಮಾಡಲು ಬಂದಾಗ ಹೆಸರನ್ನು ಹೊರಗೆ ತಿರುಗಿಸಿ ಇಡುವುದು ನನ್ನ ಹೆಂಡತಿ ಕಸ್ತೂರಿಯ ಪದ್ಧತಿ. ನಮ್ಮ ಸಂಸಾರ ಶುರುವಾದ ದಿನದಿಂದ ಇದು ನಡೆದುಕೊಂಡು ಬಂದಿದೆ. ಇದರ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿದ್ದಿಲ್ಲ.

ಮೊನ್ನೆ ಮಾತ್ರ ಆಕೆ ತಂಬಿಗೆಯನ್ನು ಬೆಳಕಿಗೆ ಹಿಡಿದು ಹೇಳಿದಳು: "ಹೆಸರು ಅಳಿಸಿ ಹೋಗಾಕತ್ತೇತಿ ನೋಡ್ರಿ. ಇನ್ನ ತಿರುವಿ ಇಡೂ ತ್ರಾಸ ಇಲ್ಲ ನಿಮಗ."

ನೋಡಿದೆ. ಚುಕ್ಕಿ ಚುಕ್ಕಿಯಾಗಿ ಹೊಡೆದ ಅಕ್ಷರಗಳು ನುಣ್ಣಗಾಗಿದ್ದವು. ಹುಣಸೆಹಣ್ಣು ಹಚ್ಚಿ ತಂಬಿಗೆ ಬೆಳಗುವ ಕೆಲಸ ನಮ್ಮ ಮನೆಯಲ್ಲಿ ನನ್ನದೇ, ಪ್ರತಿ ಸೋಮವಾರ. ಆ ಒಂದು ಜಾಗದಲ್ಲಿ ನನ್ನ ಕೈ ತುಸು ಹೆಚ್ಚು ಹೊತ್ತು ನಿಲ್ಲುತ್ತಿತ್ತು ಎಂಬುದು ಆಕೆಗೂ ಗೊತ್ತು.

ಆ ಅಕ್ಷರಗಳು ಇವು: 'ಚಿ. ಹುಚ್ಚಪ್ಪನ ಲಗ್ನಕ್ಕೆ ಸೋದರಮಾವನಿಂದ.'

ಆ ಹುಚ್ಚಪ್ಪ ನಾನು.

ಇಂಡಿ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನನ್ನ ನೌಕರಿಯೆಲ್ಲ ಕಳೆಯಿತು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಗಬೇಕು ಎಂದು ನೋಡಿಕೊಳ್ಳುವವನು. ತಡ ಮಾಡಿದ ಡ್ರೈವರುಗಳು ನನ್ನ ಮುಂದೆ ನಿಲ್ಲುವಾಗ ಟೊಪ್ಪಿಗೆ ಸರಿ ಮಾಡಿಕೊಳ್ಳುತ್ತಿದ್ದರು. ಅಂಥವನ ಹೆಸರು ಹುಚ್ಚಪ್ಪ. ನೀವು ನಕ್ಕಿದ್ದರೆ ಬೇಸರವಿಲ್ಲ; ನಿಮಗಿಂತ ಮೊದಲು ಬಹಳ ಮಂದಿ ನಕ್ಕಿದ್ದಾರೆ.

ನಮ್ಮ ಕಡೆ ಈ ಹೆಸರು ಹೇಗೆ ಬರುತ್ತದೆ ಎಂದು ಬಲ್ಲವರಿಗೆ ಹೇಳಬೇಕಾಗಿಲ್ಲ. ನನಗಿಂತ ಮೊದಲು ಅವ್ವ ಹಡೆದ ಕೂಸುಗಳು ಉಳಿಯಲಿಲ್ಲ. ನಾನು ಹುಟ್ಟಿದೊಡನೆ ಗೌರವ್ವತ್ತಿ, ಅಂದರೆ ಅಪ್ಪನ ಅಕ್ಕ, ನನ್ನನ್ನು ಮೊರದಲ್ಲಿ ಹಾಕಿಕೊಂಡು ಹೋಗಿ ತಿಪ್ಪೆಯ ಮೇಲೆ ಇಟ್ಟಳಂತೆ. ಆಮೇಲೆ ಯಾರದೋ ಕೂಸು ಬಿದ್ದಿತ್ತು ಎಂಬಂತೆ ಎತ್ತಿಕೊಂಡು ಬಂದು, ಒಂದು ಹಿಡಿ ತೌಡಿಗೆ ಅವ್ವನಿಗೆ ಮಾರಿದಳಂತೆ. ಮೂಗು ಚುಚ್ಚಿದರು, ಆ ಚುಕ್ಕಿ ಎಡಗಡೆ ಇನ್ನೂ ಇದೆ, ಕನ್ನಡಕದ ಕೆಳಗೆ. ಕೊನೆಗೆ ಹೆಸರಿಟ್ಟರು. ಅತ್ತಿ ಈ ಕಥೆಯನ್ನು ಬಂದ ಬೀಗರಿಗೆಲ್ಲ ಹೇಳುತ್ತಿದ್ದಳು. "ಚಲೋ ಹೆಸರಿನ ಕೂಸು ಸಾವಿನ ಕಣ್ಣಿಗೆ ಬೀಳತಾವ್ರಿ. ಹುಚ್ಚನ್ನ ಒಯ್ದು ಅದರ ಏನ ಮಾಡೀತು? ಇಂವನ ಮಾರಿ ನೋಡಿ ಹೊಳ್ಳಿ ಹೋತು!" ಎಂದು ನನ್ನ ಗದ್ದ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದಳು. ನಾನು ಕೊಡಹಿಕೊಂಡು ಓಡುತ್ತಿದ್ದೆ.

ಸಿಂದಗಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ತಿಪ್ಪಣ್ಣ, ಕಲ್ಲಪ್ಪ, ಅಡಿವೆಪ್ಪ ಎಲ್ಲರೂ ಇದ್ದುದರಿಂದ ಹುಚ್ಚಪ್ಪನೊಬ್ಬ ಹೆಚ್ಚಾಗಿರಲಿಲ್ಲ. ಅವ್ವನ ಬಾಯಲ್ಲಿ "ಹುಚ್ಚಾ" ಎಂದರೆ ಉಣ್ಣಲು ಬಾ ಎಂದರ್ಥ. ತೊಂದರೆ ಶುರುವಾದದ್ದು ಬಸವನ ಬಾಗೇವಾಡಿಯ ಹಾಸ್ಟೆಲ್ಲಿಗೆ ಹೋದ ಮೇಲೆ. ಅಲ್ಲಿ ಎಲ್ಲದಕ್ಕೂ ಗಂಟೆ. ಏಳಲು ಗಂಟೆ, ಮೀಯಲು ಗಂಟೆ, ಓದಲು ಗಂಟೆ. ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ ಸಾಲಿನಲ್ಲಿ ಕಿಸಿಕಿಸಿ. ನಾನು ನಿರ್ಧಾರ ಮಾಡಿದೆ: ಈ ಹಾಸ್ಟೆಲ್ಲಿನಲ್ಲಿ ನನಗಿಂತ ನೆಟ್ಟಗೆ ಹಾಸಿಗೆ ಮಡಿಸುವವನು ಇರಬಾರದು, ನನಗಿಂತ ಮೊದಲು ಸಾಲಿನಲ್ಲಿ ನಿಲ್ಲುವವನು ಇರಬಾರದು. ಶಿಸ್ತಿನ ಮನುಷ್ಯ ಎಂದು ಜನ ನನ್ನನ್ನು ಹೊಗಳುತ್ತಾರೆ. ಅದು ಗುಣವಲ್ಲ. ಹೆಸರಿಗೆ ಕೊಟ್ಟ ಜವಾಬು. ಹಾಜರಿಯಲ್ಲಿ ನಕ್ಕವರಿಗೆ ನಾನು ಇಂದಿಗೂ ದಿನಾ ಐದಕ್ಕೆ ಎದ್ದು ಜವಾಬು ಕೊಡುತ್ತಿದ್ದೇನೆ.

ಹುಚ್ಚು ಎಂಬ ಪದದ ಮೂಲ ಏನು ಎಂದು ಅಲ್ಲಿನ ಕನ್ನಡ ಮಾಸ್ತರರನ್ನು ಒಮ್ಮೆ ಕೇಳಿದೆ. ಒಬ್ಬನೇ ಕೇಳಬೇಕಿತ್ತು, ತಿಳಿಗೇಡಿಯಂತೆ ತರಗತಿಯಲ್ಲಿ ಎದ್ದು ಕೇಳಿದೆ. ಮಾಸ್ತರರು ಸಂತೋಷದಿಂದ ಬೋರ್ಡಿನ ತುಂಬ ಬರೆದರು. ಹಿಂದಿನ ಪಕಾರ ಈಗ ಹಕಾರ, ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಹಾಗೆ ಪುಚ್ಚು ಹುಚ್ಚಾಗಿರಬೇಕು. ತೆಲುಗರು ಪಿಚ್ಚಿ ಎನ್ನುತ್ತಾರೆ, ತಮಿಳರು ಪಿತ್ತು ಎನ್ನುತ್ತಾರೆ. ಇದೆಲ್ಲ ಹೊಟ್ಟೆಯ ಪಿತ್ತದಿಂದ ಬಂದದ್ದು ಎನ್ನುವವರೂ ಇದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. "ಪಿತ್ತ ನೆತ್ತಿಗೇರಿತು ಅಂತೀವಲ್ಲ, ಅದ ಇರಬಹುದು," ಎಂದು ಸೀಮೆಸುಣ್ಣದ ಕೈ ಕೊಡವಿದರು. ಸಂಜೆ ನನ್ನ ಟ್ರಂಕಿನ ಮೇಲೆ ಒಂದು ನಿಂಬೆಹಣ್ಣು ಇತ್ತು. ಮರುದಿನ ಎರಡು. "ಪಿತ್ತಕ್ಕ ಚಲೋ ಐತ್ಯಪ್ಪಾ, ನೆತ್ತಿಗೆ ತಿಕ್ಕಿಕೋ," ಎಂದು ಪಕ್ಕದ ಹಾಸಿಗೆಯವನು ಬಹಳ ಕಾಳಜಿಯಿಂದ ಹೇಳಿದ. ಮುಂದೆ ನನಗೆ ನೌಕರಿ ಸಿಕ್ಕದ್ದು ಇಂಡಿಯಲ್ಲಿ. ಬಸ್ಸಿನ ತಲೆಯ ಮೇಲೆ ದಿನವಿಡೀ ನಿಂಬೆಹಣ್ಣಿನ ಚೀಲ ಏರುವ ಊರು ಅದು. ವಿಧಿಗೂ ಹಾಸ್ಟೆಲ್ಲಿನ ಹುಡುಗರ ಸಹವಾಸ ಇತ್ತೋ ಏನೋ.

ಒಂದು ಪದದ ಜೊತೆ ಬಾಳಬೇಕಾದವನಿಗೆ ಅದು ಎಲ್ಲೆಲ್ಲಿ ಓಡಾಡುತ್ತದೆ ಎಂದು ನೋಡುವ ಚಟ ಹತ್ತುತ್ತದೆ. ಡೋಣಿ ಹೊಳೆ ದಂಡೆ ಮೀರಿದರೆ ತಾಳಿಕೋಟಿಯ ಮಂದಿ "ಹುಚ್ಚು ಹೊಳಿ ಬಂತು" ಎನ್ನುತ್ತಾರೆ. ಬಿತ್ತದೆ ಬೆಳೆದದ್ದು ಹುಚ್ಚು ಗಿಡ. ಮೈಸೂರು ಕಡೆಯ ಒಬ್ಬ ಅಧಿಕಾರಿ ನಮ್ಮಲ್ಲಿ ಊಟಕ್ಕೆ ಕುಳಿತು, ಗುರೆಳ್ಳ ಹಿಂಡಿಯನ್ನು ಚಪ್ಪರಿಸಿ, "ಓ, ಇದು ನಮ್ಮ ಹುಚ್ಚೆಳ್ಳು!" ಎಂದಾಗ ನನ್ನ ತುತ್ತು ಕೈಯಲ್ಲೇ ನಿಂತಿತು. ಅವರಿಗೆ ನನ್ನ ಹೆಸರು ಎಚ್. ಬಿ. ಎಂದಷ್ಟೇ ಗೊತ್ತಿತ್ತು. ಹಲಗೆಯ ಮೇಲೆ ಎಚ್. ಬಿ., ಸಹಿ ಎಚ್. ಬಿ. ಮೈಕಿನಲ್ಲಿ ಚಡಚಣ, ಝಳಕಿ, ಮುದ್ದೇಬಿಹಾಳ ಎಂದು ಜಿಲ್ಲೆಯ ಊರುಗಳನ್ನೆಲ್ಲ ಕೂಗಿದ ನಾನು ನನ್ನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಬಹಳ ಕಡಿಮೆ.

ಎಪ್ಪತ್ತರ ದಶಕದ ನಡುವೆ ನನಗೆ ಮುದ್ದೇಬಿಹಾಳದ ಕನ್ಯೆ ಗೊತ್ತಾಯಿತು. ಕಾಳಿನ ವ್ಯಾಪಾರಿಯ ಮಗಳು, ಮ್ಯಾಟ್ರಿಕ್ ಓದಿದವಳು. ಆ ಮಾರ್ಗದ ಕಂಡಕ್ಟರ್ ಖಾದರ್ ನನ್ನ ಗೆಳೆಯ. ಸಂಬಂಧ ತಂದವನೂ ಅವನೇ. ಅಪ್ಪ ತೀರಿ ವರ್ಷಗಳಾಗಿದ್ದವು, ಆದ್ದರಿಂದ ಕನ್ಯೆ ನೋಡಲು ಹಿರಿಯನಾಗಿ ನನ್ನ ಸೋದರಮಾವ ಸಿಂದಗಿಯಿಂದ ನೇರವಾಗಿ ಮುದ್ದೇಬಿಹಾಳಕ್ಕೆ ಬರುವುದೆಂದೂ, ಖಾದರ್ ಮತ್ತು ನಾನು ಇಂಡಿಯಿಂದ ಹೋಗುವುದೆಂದೂ ಮಾತಾಗಿತ್ತು. ಮಾವನ ಬಸ್ಸು ತಡವಾಯಿತು. ನನ್ನ ಆಯುಷ್ಯದಲ್ಲಿ ತಡವಾದ ಬಸ್ಸಿಗೆ ನಾನು ಸಂತೋಷಪಟ್ಟದ್ದು ಅದೊಂದೇ ಸಲ. ಯಾಕೆಂದರೆ ಕನ್ಯೆಯ ತಂದೆ ಚುರುಮುರಿಯ ತಾಟು ಮುಂದಿಟ್ಟು, "ಕಂಟ್ರೋಲರ್ ಸಾಹೇಬ್ರು ಅಂತ ಗೊತ್ತೈತ್ರಿ. ತಮ್ಮ ಹೆಸರು?" ಎಂದರು. ಬಾಗಿಲ ಹಿಂದೆ ಬಳೆ ಸಪ್ಪಳವಾಯಿತು.

"ಬಸವರಾಜ," ಎಂದೆ.

ಖಾದರ್ ಚುರುಮುರಿ ಗಂಟಲಿಗೆ ಸಿಕ್ಕಿ ಕೆಮ್ಮಿದ. ಹೊರಗೆ ಬಂದ ಮೇಲೆ, "ಎಲ್ಲಿಂದ ತಂದ್ರಿ ಸಾಹೇಬ್ರ ಆ ಹೆಸರು?" ಎಂದ.

"ಬಾಯಿಗೆ ಬಂತು."

"ನಮ್ಮ ಸ್ಟ್ಯಾಂಡಿನ್ಯಾಗ ನಿಂತು ಬಸವರಾಜ ಅಂತ ಒದರಿದ್ರ ಹತ್ತು ಮಂದಿ ಹೊಳ್ಳಿ ನೋಡ್ತಾರ್ರಿ."

"ಅದ ಬೇಕಾಗೇತಿ ನನಗ. ಹತ್ತು ಮಂದ್ಯಾಗ ಒಬ್ಬ ಆಗೂದು."

ಆಗ ನನಗೆ ಇದ್ದ ಚಿಂತೆ ಇಷ್ಟೇ: ಹುಚ್ಚಪ್ಪನ ಹೆಂಡತಿ ಎಂದು ಕರೆಸಿಕೊಳ್ಳಲು ಆ ಹುಡುಗಿ ಒಪ್ಪುತ್ತಾಳೋ ಇಲ್ಲವೋ. ಲಗ್ನಪತ್ರಿಕೆಯನ್ನು ನಾನೇ ಇಂಡಿಯಲ್ಲಿ ಛಾಪಿಸಿದೆ, ಬಸವರಾಜ ಎಂದೇ. ಮಾವ ಅದನ್ನು ಓದಿ ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕುಳಿತ.

"ಈ ಹೆಸರು... ನಿಮ್ಮವ್ವನ ಕೇಳಿಯೇನು?"

"ಅವ್ವಗ ಓದಾಕ ಎಲ್ಲಿ ಬರ್ತೈತಿ ಮಾವ? ಛಾಪಿಸಿ ಆಗೇತಿ. ಈಗಿನ ಕಾಲಕ್ಕ ಹೊಂದಬೇಕಲ್ಲ."

ಮಾವ ಪತ್ರಿಕೆ ಮಡಿಸಿ ಜೇಬಿಗಿಟ್ಟುಕೊಂಡ. ಹೆಚ್ಚು ಮಾತಿನ ಮನುಷ್ಯ ಅವನಲ್ಲ. ಬಾಗೇವಾಡಿಗೆ ಹೋಗಿ ಒಂದು ತಂಬಿಗೆ ಕೊಂಡು, ಹೆಸರು ಹಾಕಿಸಿ ತಂದ. ಯಾವ ಹೆಸರು ಎಂಬುದು ನಿಮಗೆ ಈಗಾಗಲೇ ಗೊತ್ತು. ಮುದ್ದೇಬಿಹಾಳದ ಮಂಟಪದಲ್ಲಿ ಅದನ್ನು ಆಹೇರಿಯ ಉಡುಗೊರೆಯಾಗಿ ಕೊಟ್ಟಾಗ ನಾನು ಗಾಬರಿಯಾಗಿ ಒಂದು ಟವೆಲು ಮುಚ್ಚಿದೆ. ಹಳೆಯ ಕಾಲದವ, ಸಭ್ಯತೆ ತಿಳಿಯದು ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಅದೇ ಮಂಟಪದಲ್ಲಿ ಮೈಕಿನವನು "ಚಿರಂಜೀವಿ ಬಸವರಾಜ" ಎಂದು ಕೂಗಿದಾಗ ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವ್ವ ಎದ್ದು ಹೊರಗೆ ಹೋದಳು. ನೀರಿನ ಹರವಿಯ ಹತ್ತಿರ ಗೋಡೆ ಹಿಡಿದು ನಿಂತದ್ದು ನನಗೆ ಕಾಣುತ್ತಿತ್ತು. ಧಗೆ ಬಹಳ ಇತ್ತು. ಧಗೆಗೆ ಹೋಗಿದ್ದಾಳೆ ಎಂದುಕೊಂಡೆ.

ಲಗ್ನದ ವ್ಯವಸ್ಥೆಯಲ್ಲಿ ಒಂದೂ ತಪ್ಪಿರಲಿಲ್ಲ. ದಿಬ್ಬಣದ ಬಸ್ಸು ಹೇಳಿದ ಹೊತ್ತಿಗೆ ಬಿಟ್ಟಿತು, ಹೇಳಿದ ಹೊತ್ತಿಗೆ ನಮ್ಮ ಹಳ್ಳಿ ಮುಟ್ಟಿತು. ನಾನು ಮರೆತದ್ದು ಒಂದೇ. ಅದು ನಮ್ಮ ಕಡೆಯ ಯಾವ ಗಂಡಸಿಗೂ ನೆನಪಿಸಬೇಕಾದ ಸಂಗತಿಯಲ್ಲ. ಹೊಸ ಸೊಸೆ ಹೊಸ್ತಿಲು ದಾಟುವ ಮೊದಲು ಹೆಂಗಸರು ಬಾಗಿಲು ಕಟ್ಟಿ ನಿಲ್ಲುತ್ತಾರೆ. ಆಕೆ ಗಂಡನ ಹೆಸರನ್ನು ಒಡಪು ಕಟ್ಟಿ ಹೇಳಬೇಕು, ಆಮೇಲೆ ಒಳಗೆ. ಲಗ್ನಕ್ಕೆ ಬಾರದೆ ಮನೆಯಲ್ಲೇ ಉಳಿದು ನಮ್ಮ ಬಾಗಿಲಲ್ಲಿ ನಿಂತ ಆ ಹೆಂಗಸರು ಬಸವರಾಜ ಎಂಬುವವನನ್ನು ಕಂಡವರಲ್ಲ.

ಶಲ್ಯಕ್ಕೆ ಸೆರಗು ಗಂಟು ಹಾಕಿಸಿಕೊಂಡು ನಿಂತವನಿಗೆ ಅದು ಹೊಳೆದದ್ದು ಗೌರವ್ವತ್ತಿ ಎರಡೂ ಕೈ ಚೌಕಟ್ಟಿಗೆ ಕೊಟ್ಟು, "ಹೆಸರು ಹೇಳವ್ವಾ, ಹಂಗ ಬಿಡಂಗಿಲ್ಲ!" ಎಂದಾಗ. ಓಡಿಹೋಗೋಣವೆಂದರೆ ಗಂಟು ಇತ್ತು.

ಕಸ್ತೂರಿ ತಲೆ ತಗ್ಗಿಸಿಯೇ, ಸ್ಪಷ್ಟವಾಗಿ ಹೇಳಿದಳು:

"ಮುದ್ದೇಬಿಹಾಳದ ಮಲ್ಲಿಗಿ ದಂಡಿ, ದಾರ್ಯಾಗ ಬಾಡಿಲ್ಲ ನೋಡ್ರಿ;
ಬಸವರಾಜರ ಬೆನ್ನ ಹಿಂದ ಬಂದೇನಿ, ಬಾಗಲಾ ಬಿಡ್ರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಬಾಗಿಲ ತುಂಬ ನಗು ಸಿಡಿಯಿತು.

"ಯಾರವ್ವಾ ಅಂವ?" ಎಂದಳು ಅತ್ತಿ. "ತಪ್ಪಿ ಬ್ಯಾರೆ ಮನಿಗೆ ಬಂದೀ ಕಾಣಸ್ತೈತಿ!"

"ಲೇ ಹುಚ್ಚಪ್ಪಾ, ಈಕಿ ಯಾರನ ಮದಿವಿ ಆಗ್ಯಾಳೋ? ನೀ ಬರೇ ಗಂಟು ಹೊತ್ತು ಬಂದಿಯೇನು?" ಹಿಂದಿನಿಂದ ಇನ್ನೊಬ್ಬಳು.

ನನ್ನ ಕಿವಿ ಸುಡುತ್ತಿದ್ದವು. ನೆಲದ ಮೇಲಿನ ಸೇರಕ್ಕಿಯನ್ನು ನೋಡುತ್ತ ನಿಂತೆ. ಹಾಸ್ಟೆಲ್ಲಿನ ಹಾಜರಿ ಸಾಲು, ನಿಂಬೆಹಣ್ಣು, ಎಲ್ಲವೂ ಒಟ್ಟಿಗೆ ಬಂದು ಎದುರು ನಿಂತಂತಾಯಿತು. ಪಕ್ಕದಲ್ಲಿ ಈ ಹುಡುಗಿ. ಆಕೆ ಈಗ ಏನು ಎಂದುಕೊಳ್ಳುತ್ತಿರಬಹುದು? ಹೆಸರು ಮುಚ್ಚಿಟ್ಟು ಮದುವೆಯಾದವ ಇನ್ನೇನು ಮುಚ್ಚಿಟ್ಟಿದ್ದಾನೋ ಎಂದೇ?

ಆಗ ನಗುವ ಹೆಂಗಸರ ನಡುವೆ ಒಬ್ಬಳು ನಗುತ್ತಿಲ್ಲ ಎಂಬುದು ಕಂಡಿತು. ಅವ್ವ. ಆರತಿ ತಾಟು ಹಿಡಿದಿದ್ದಳು. ದೀಪದ ಕುಡಿ ಅಲುಗುತ್ತಿತ್ತು, ಗಾಳಿ ಇರಲಿಲ್ಲ. ಅತ್ತಿಯೂ ಅದನ್ನು ನೋಡಿದಳು. ಅವಳ ನಗು ತಟ್ಟನೆ ನಿಂತಿತು, ಏನೋ ನೆನಪಾದವಳಂತೆ ಬಾಯಿಗೆ ಸೆರಗು ಹಿಡಿದಳು.

ಅವ್ವ ನನ್ನ ಕಡೆ ನೋಡಲಿಲ್ಲ. ಕಸ್ತೂರಿಗೆ ಹೇಳಿದಳು: "ಆ ಹೆಸರು ಒಮ್ಮಿ ಇಟ್ಟಿದ್ವಿ ಯವ್ವಾ ಈ ಮನ್ಯಾಗ. ನನ್ನ ಮೊದಲಿನ ಕೂಸಿಗಿ. ಉಳೀಲಿಲ್ಲ. ಇಂವನ್ನ ಆ ಹೆಸರಿಲೆ ಕರೀಬ್ಯಾಡ."

ನನಗೆ ಗೊತ್ತಿರಲಿಲ್ಲ. ಹೋದ ಕೂಸುಗಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ, ನಾನೂ ಕೇಳಿದವನಲ್ಲ. ನನ್ನ ಹೆಸರಿನ ಮೂಲವನ್ನು ಬೋರ್ಡಿನ ಮೇಲೆ ಬರೆಸಿಕೊಂಡವನಿಗೆ, ಅದಕ್ಕಿಂತ ಮೊದಲಿನ ಹೆಸರುಗಳು ಯಾವುವು ಎಂದು ಅವ್ವನನ್ನು ಕೇಳಬೇಕೆಂದು ತೋಚಿರಲಿಲ್ಲ. ಸಾವಿನ ಕಣ್ಣು ತಪ್ಪಿಸಲು ಅವಳು ತಿಪ್ಪೆಯಿಂದ ಕೊಂಡ ಮಗನನ್ನು, ಅವಳ ಎದುರಿಗೇ, ಮೈಕು ಹಚ್ಚಿ, ಆ ಹೆಸರಿನಿಂದ ಕೂಗಿಸಿದ್ದೆ. ಅವಳು ನೀರಿನ ಹರವಿಯ ಹತ್ತಿರ ನಿಂತು ಏನು ಬೇಡಿಕೊಂಡಳೋ. ಹಾಸ್ಟೆಲ್ಲಿನ ನಾಚಿಕೆ ಮುಖ ಸುಡುವಂಥದು. ಇದು ಬೇರೆ.

ಸೆರಗಿನ ಗಂಟು ಸಣ್ಣಗೆ ಜಗ್ಗಿತು. ಕಸ್ತೂರಿ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಈ ಸಲ ತಲೆ ಎತ್ತಿ, ಅವ್ವನ ಮುಖವನ್ನೇ ನೋಡುತ್ತ ಹೇಳಿದಳು:

"ಶಾಣ್ಯಾರು ಸಿಗತಾರ ಸಂತ್ಯಾಗ ಬೇಕಾದಷ್ಟು, ನೋಡಿ ನೋಡಿ ಸಾಕು;
ಅತ್ತಿ ಹರಕಿ ಹೊತ್ತು ಹಡದ ಹುಚ್ಚಪ್ಪರ ಮನೀನ ನನಗ ಬೇಕು."

"ಭಲೆ ನನ್ನ ಸೊಸಿ!" ಎಂದು ಅತ್ತಿ ಚೌಕಟ್ಟಿನಿಂದ ಕೈ ತೆಗೆದಳು. ಅವ್ವ ದೀಪವನ್ನು ನಮ್ಮಿಬ್ಬರ ಮುಖದ ಮುಂದೆ ಬೆಳಗಿದಳು. ನನ್ನ ಮುಖದ ಮುಂದೆ ತುಸು ಹೆಚ್ಚು ಹೊತ್ತು, ಇದ್ದಾನೋ ಇಲ್ಲವೋ ನೋಡುವಂತೆ. ನಾನು ತಲೆ ಎತ್ತಲಿಲ್ಲ.

ಕೆಲವು ದಿನಗಳ ನಂತರ, ಇಂಡಿಯಲ್ಲಿ ಮನೆ ಹೂಡಿದ ಮೇಲೆ, ಆ ಎರಡನೆಯ ಒಡಪು ಅಷ್ಟು ಬೇಗ ಹೇಗೆ ಹೊಳೆಯಿತು ಎಂದು ಕಸ್ತೂರಿಯನ್ನು ಕೇಳಿದೆ.

"ಹೊಳೀಲಿಲ್ರಿ. ಕಟ್ಟಿಟ್ಟಿದ್ದೆ. ನೀವು ಟವೆಲ್ ಹಾಕೂದಕ್ಕಿಂತ ಮೊದಲ ತಂಬಿಗಿ ಓದಿದ್ದೆ."

"ಮತ್ತ ಮೊದಲ ಬಸವರಾಜ ಅಂತ ಯಾಕ ಅಂದಿ?"

"ನೀವು ಹಂಗ ಹೇಳಿದ್ರಿ. ಎಲ್ಲಾರ ಮುಂದ ನಿಮ್ಮನ್ನ ಸುಳ್ಳ ಮಾಡ್ಲೇನು?" ಎಂದು ಆಕೆ ತಂಬಿಗೆಯನ್ನು ಗೂಡಿನಲ್ಲಿಟ್ಟಳು, ಹೆಸರು ಹೊರಗೆ ಮಾಡಿ. ಆಕೆ ಆಚೆ ಹೋದ ಮೇಲೆ ನಾನು ತಿರುಗಿಸಿದೆ. ಹಾಗೆ ಶುರುವಾಯಿತು.

ಹೆಸರು ಕಂಡರೆ ನಾಚಿಕೆಯಾಗುತ್ತಿತ್ತು, ನಿಜ. ಆದರೆ ಅದು ಹಳೆಯ ನಾಚಿಕೆಯಲ್ಲ. ಆ ಅಕ್ಷರ ಕಂಡಾಗಲೆಲ್ಲ ನನಗೆ ಕಾಣುತ್ತಿದ್ದುದು ಗಾಳಿಯಿಲ್ಲದೆ ಅಲುಗಿದ ದೀಪ. ಅವ್ವ ಒಂದು ಸಲವಾದರೂ ಬೈದಿದ್ದರೆ ಸುಲಭವಿತ್ತು. ಬೈಯಲಿಲ್ಲ. ಮದುವೆಯ ಮರುದಿನ ಬೆಳಿಗ್ಗೆ ಎಂದಿನಂತೆ, "ಹುಚ್ಚಾ, ರೊಟ್ಟಿ ಆರತಾವ ಬಾ," ಎಂದು ಕರೆದಳು. ಕೊನೆಯವರೆಗೂ ಹಾಗೆಯೇ ಕರೆದಳು. ಕರೆದಾಗಲೆಲ್ಲ ನಾನು ಬೇಗ ಓ ಎನ್ನುತ್ತಿದ್ದೆ, ಅಷ್ಟೇ. ಈಗ ಹಾಗೆ ಕರೆಯುವವರು ಯಾರೂ ಇಲ್ಲ. ಕಸ್ತೂರಿಗೆ ನಾನು 'ರೀ', ಊರಿಗೆ ಕಂಟ್ರೋಲರ್ ಅಜ್ಜ.

ಪಿತ್ತವೋ ಪುಚ್ಚೋ, ಪದ ಎಲ್ಲಿಂದ ಬಂತು ಎಂಬುದನ್ನು ತಿಳಿದವರು ತೀರ್ಮಾನಿಸಲಿ. ನನ್ನ ಪಾಲಿಗೆ ಅದು ಒಂದು ಮೊರದಿಂದ ಬಂತು.

ಹೆಸರು ಅಳಿಸಿ ಹೋಗುತ್ತಿದೆ ಎಂದು ಮೊನ್ನೆ ಕಸ್ತೂರಿ ಹೇಳಿದ ಮರುದಿನ ತಂಬಿಗೆಯನ್ನು ಚೀಲದಲ್ಲಿ ಹಾಕಿಕೊಂಡು ಇಂಡಿಯ ಬಜಾರಿನ ಭಾಂಡೆ ಅಂಗಡಿಗೆ ಹೋದೆ. ಈಗ ಹೆಸರನ್ನು ಮಷಿನ್ನಿನಲ್ಲಿ ಕೊರೆಯುತ್ತಾರೆ. ಅದರ ಸಪ್ಪಳ ಹಲ್ಲು ವೈದ್ಯರ ಅಂಗಡಿಯ ಸಪ್ಪಳದಂತೆ. ಅಂಗಡಿಯವನು ತಂಬಿಗೆಯನ್ನು ಆಚೀಚೆ ತಿರುಗಿಸಿದ.

"ಏನ ಬರದೈತಿ ಓದಾಕ ಬರವಲ್ದು ಅಜ್ಜಾರ. ಹೊಸದಾಗಿ ಹಾಕ್ಲೇನ್ರಿ?"

"ಹೂಂ. ಇದ್ದ ಹೆಸರೇ ಹಾಕು."

"ಯಾವುದ್ರಿ?"

ಹೇಳಿದೆ.

"ಕೇಳವಲ್ದರಿ, ಮಷಿನ್ ಸಪ್ಪಳ. ಜೋರ ಹೇಳ್ರಿ."

ಕಟ್ಟೆಯ ಮೇಲೆ ಬೋಗುಣಿ ಆರಿಸುತ್ತಿದ್ದ ಹೆಂಗಸರಿದ್ದರು. ರಸ್ತೆಯಾಚೆ ಚಹಾದಂಗಡಿಯಲ್ಲಿ ನನ್ನ ಕೈಕೆಳಗಿದ್ದ ಹಳೆಯ ಡ್ರೈವರನೊಬ್ಬ ಕುಳಿತಿದ್ದ. ಮೈಕಿನಲ್ಲಿ ಬಸ್ಸು ಕೂಗುತ್ತಿದ್ದ ದನಿಯಲ್ಲಿ ಹೇಳಿದೆ: "ಹುಚ್ಚಪ್ಪ!"

ಹೆಂಗಸರು ಹೊಳ್ಳಿ ನೋಡಿದರು. ಡ್ರೈವರ ಚಹಾದ ಬಸಿಯಿಂದ ಬಾಯಿ ತೆಗೆದ. ಈ ವಯಸ್ಸಿನಲ್ಲೂ ಕಿವಿ ಬಿಸಿಯಾದವು.

ಅಂಗಡಿಯವನು ಮಷಿನ್ ನಿಲ್ಲಿಸಿ ಕೇಳಿದ: "ಯಾರ್ದ್ರಿ ಅಜ್ಜಾರ, ತೀರಿಕೊಂಡವರದೇನ್ರಿ?"

"ಇಲ್ಲಪ್ಪಾ," ಎಂದೆ. "ಉಳದಾವಂದು."